ಖಾಲಿ ಕೈ, ಖಾಲಿ ಕಾರ್ಖಾನೆ ಮತ್ತು ಒಬ್ಬ ಸೋತ ಅಭ್ಯರ್ಥಿ

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಗೆದ್ದವರ ಹೆಸರನ್ನಷ್ಟೇ ಕೇಳುತ್ತಾರೆ. ಯಾವ ವರ್ಷ ಯಾರು ಅಧ್ಯಕ್ಷರಾದರು, ಯಾರಿಗೆ ಯಾವ ಪ್ರಶಸ್ತಿ ಬಂತು ಎಂಬುದಕ್ಕೆ ನಾಲ್ಕು ಆಯ್ಕೆಗಳಿರುತ್ತವೆ. ಸೋತವರ ಹೆಸರು ಆ ನಾಲ್ಕರಲ್ಲಿ ತಪ್ಪು ಉತ್ತರವಾಗಿ ಬಂದರೆ ಅದೇ ದೊಡ್ಡದು. ಪದವಿ ಮುಗಿಸಿ ಮೂರು ವರ್ಷದಿಂದ ಇಂಥ ಪರೀಕ್ಷೆಗಳನ್ನೇ ಬರೆಯುತ್ತಿರುವ ನನಗೆ, ಹಾಗೆ ತಪ್ಪು ಉತ್ತರವಾಗಿ ಉಳಿದುಹೋದ ಒಬ್ಬನ ಬದುಕು ಈಚೆಗೆ ಬಹಳ ಹತ್ತಿರದ್ದು ಅನ್ನಿಸತೊಡಗಿದೆ. ಆತನ ಹೆಸರು ಅಪ್ಟನ್ ಸಿಂಕ್ಲೇರ್.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಆತ 'ದಿ ಜಂಗಲ್' ಕಾದಂಬರಿಯ ಲೇಖಕನಾಗಿ ಗೊತ್ತಿರಬಹುದು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆತ 1934ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಹುದ್ದೆಗೆ ನಿಂತು ಸೋತ ಚುನಾವಣೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ನಮ್ಮಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅಮೆರಿಕದಲ್ಲಿ ಗವರ್ನರನ್ನು ಜನರೇ ನೇರವಾಗಿ ಮತ ಹಾಕಿ ಆರಿಸುತ್ತಾರೆ. ರಾಜ್ಯದ ಆಡಳಿತವೆಲ್ಲ ಅವರ ಕೈಯಲ್ಲೇ ಇರುತ್ತದೆ. ಅಧಿಕಾರದ ಲೆಕ್ಕದಲ್ಲಿ ಅವರು ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆ ಕುರ್ಚಿಗಾಗಿ ಒಬ್ಬ ಕಾದಂಬರಿಕಾರ ನಿಂತ. ಅವನು ಮಾತಾಡಿದ್ದು ಒಂದೇ ವಿಷಯ: ನಿರುದ್ಯೋಗ.

ಎರಡು ಮನೆಗಳ ಹುಡುಗ

ಸಿಂಕ್ಲೇರ್ ಹುಟ್ಟಿದ್ದು 1878ರ ಸೆಪ್ಟೆಂಬರ್ 20ರಂದು, ಬಾಲ್ಟಿಮೋರ್ ನಗರದಲ್ಲಿ. ಅಪ್ಪ ಮದ್ಯದ ವ್ಯಾಪಾರಿಗಳ ಪರವಾಗಿ ಸರಕು ಮಾರುವ ಕೆಲಸ ಮಾಡುತ್ತಿದ್ದ. ಮಾರುತ್ತಾ ಮಾರುತ್ತಾ ತಾನೇ ಕುಡಿತಕ್ಕೆ ಬಿದ್ದ. ಸಂಸಾರ ಅಗ್ಗದ ಬಾಡಿಗೆ ಕೋಣೆಗಳಲ್ಲಿ ದಿನ ದೂಡುತ್ತಿತ್ತು. ಅಮ್ಮನ ಕಡೆಯವರು ಮಾತ್ರ ಅನುಕೂಲಸ್ಥರು. ಹೀಗಾಗಿ ಹುಡುಗ ಕೆಲವು ದಿನ ಕಿಷ್ಕಿಂಧೆಯಂಥ ಕೋಣೆಯಲ್ಲಿ, ಕೆಲವು ದಿನ ಬಂಧುಗಳ ದೊಡ್ಡ ಮನೆಯ ಮೆತ್ತನೆಯ ಹಾಸಿಗೆಯಲ್ಲಿ ಮಲಗುತ್ತಾ ಬೆಳೆದ. ಒಂದೇ ವಂಶದ ಎರಡು ಮನೆಗಳಲ್ಲಿ ಇಷ್ಟು ಅಂತರ ಏಕೆ ಎಂಬ ಪ್ರಶ್ನೆ ಆತನಿಗೆ ಪುಸ್ತಕ ಓದಿ ಹುಟ್ಟಿದ್ದಲ್ಲ.

ಹತ್ತು ವರ್ಷದ ಹೊತ್ತಿಗೆ ಕುಟುಂಬ ನ್ಯೂಯಾರ್ಕಿಗೆ ಬಂತು. ಹದಿನಾಲ್ಕಕ್ಕೇ ಆತ ಶುಲ್ಕವಿಲ್ಲದ ಸಿಟಿ ಕಾಲೇಜು ಸೇರಿದ. ಖರ್ಚಿಗೆ ಪತ್ರಿಕೆಗಳಿಗೆ ನಗೆಹನಿ ಬರೆದ, ಹುಡುಗರು ಓದುವ ಅಗ್ಗದ ಸಾಹಸ ಕತೆಗಳನ್ನು ಬರೆದ. ನಮ್ಮಲ್ಲಿ ಎಷ್ಟೋ ಮಂದಿ ಟ್ಯೂಷನ್ ಹೇಳಿ, ರಾತ್ರಿ ಪಾಳಿಯಲ್ಲಿ ಪಾರ್ಸೆಲ್ ಹಂಚಿ ಓದುವಂತೆ, ಆತ ಬರೆದು ಓದಿದ. 1897ರಲ್ಲಿ ಪದವಿ ಪಡೆದು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಹೋದ. ಆಮೇಲೆ ಗಂಭೀರ ಕಾದಂಬರಿಗಳನ್ನು ಬರೆಯಲು ಕೂತ. ಮೊದಲ ಕೆಲವು ಪುಸ್ತಕಗಳಿಂದ ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ. ಅಷ್ಟರಲ್ಲಿ ಮದುವೆಯಾಗಿತ್ತು, ಮಗನೂ ಹುಟ್ಟಿದ್ದ.

1904ರಲ್ಲಿ 'ಅಪೀಲ್ ಟು ರೀಸನ್' ಎಂಬ ಸಮಾಜವಾದಿ ಪತ್ರಿಕೆ ಆತನಿಗೆ 500 ಡಾಲರ್ ಮುಂಗಡ ಕೊಟ್ಟು, ಕಾರ್ಮಿಕರ ಬದುಕಿನ ಬಗ್ಗೆ ಕಾದಂಬರಿ ಬರೆಯಲು ಹೇಳಿತು. ಸಿಂಕ್ಲೇರ್ ಷಿಕಾಗೊದ ಮಾಂಸದ ಕಾರ್ಖಾನೆಗಳ ಪ್ರದೇಶಕ್ಕೆ ಹೋಗಿ ಏಳು ವಾರ ಇದ್ದ. ಕೂಲಿಯವರ ಹಾಗೆ ಹಳೆಯ ಬಟ್ಟೆ ಹಾಕಿಕೊಂಡು ಒಳಗೆಲ್ಲ ಓಡಾಡಿದ. ರಾತ್ರಿ ಅವರ ಮನೆಗಳಲ್ಲಿ ಕೂತು ಕೇಳಿದ. ಹಾಗೆ ಹುಟ್ಟಿದ್ದು ಲಿಥುವೇನಿಯಾದಿಂದ ವಲಸೆ ಬಂದ ಯುರ್ಗಿಸ್ ಎಂಬ ಗಟ್ಟಿಮುಟ್ಟಾದ ಕಾರ್ಮಿಕನ ಕತೆ. ಕೆಲಸವನ್ನೇ ನಂಬಿದ್ದ ಮನುಷ್ಯನನ್ನು ಕೆಲಸವೇ ಅರೆದುಹಾಕುವ ಕತೆ ಅದು.

1906ರಲ್ಲಿ ಪುಸ್ತಕವಾಗಿ ಬಂದಾಗ ದೇಶವೇ ಬೆಚ್ಚಿಬಿತ್ತು. ಬೆಚ್ಚಿದ್ದು ಕಾರ್ಮಿಕರ ಪಾಡಿಗಲ್ಲ, ತಮ್ಮ ತಟ್ಟೆಗೆ ಬರುವ ಕೊಳೆತ ಮಾಂಸಕ್ಕೆ! ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತನಿಖೆಗೆ ಜನ ಕಳಿಸಿದರು. ಅದೇ ವರ್ಷದ ಜೂನ್ 30ರಂದು ಮಾಂಸ ತಪಾಸಣೆಯ ಕಾಯ್ದೆಗೂ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೂ ಸಹಿ ಬಿತ್ತು. ಇಪ್ಪತ್ತೇಳರ ಹರೆಯದ ಲೇಖಕನಿಗೆ ಇದು ದೊಡ್ಡ ಗೆಲುವು. ಆದರೆ ಆತನಿಗೆ ಕೊನೆಯವರೆಗೂ ಒಂದು ಕೊರಗು ಉಳಿಯಿತು. ಜನ ತಮ್ಮ ಹೊಟ್ಟೆಯನ್ನು ನೋಡಿಕೊಂಡರೇ ಹೊರತು ಆ ಹೊಟ್ಟೆಗೆ ಅನ್ನ ಒದಗಿಸುವವನ ಮುಖವನ್ನು ನೋಡಲಿಲ್ಲವಲ್ಲ ಎಂಬ ಕೊರಗು.

ಮಾತಿನಿಂದ ಮತಪೆಟ್ಟಿಗೆಗೆ

ಪುಸ್ತಕದಿಂದ ಬಂದ ಹಣವನ್ನು ಸಿಂಕ್ಲೇರ್ ಬ್ಯಾಂಕಿನಲ್ಲಿ ಇಡಲಿಲ್ಲ. ನ್ಯೂಜೆರ್ಸಿಯಲ್ಲಿ ಹೆಲಿಕನ್ ಹಾಲ್ ಎಂಬ ಕಟ್ಟಡ ಕೊಂಡು, ಹಲವು ಕುಟುಂಬಗಳು ಅಡುಗೆ, ಮಕ್ಕಳ ಆರೈಕೆಗಳನ್ನು ಹಂಚಿಕೊಂಡು ಬಾಳುವ ಪ್ರಯೋಗ ಆರಂಭಿಸಿದ. ಕೆಲವೇ ತಿಂಗಳಲ್ಲಿ, 1907ರ ಮಾರ್ಚಿನಲ್ಲಿ, ಅದು ಬೆಂಕಿಗೆ ಆಹುತಿಯಾಯಿತು. ಮೊದಲ ಮದುವೆ ಮುರಿಯಿತು. 1913ರಲ್ಲಿ ಮೇರಿ ಕ್ರೇಗ್ ಎಂಬ ಲೇಖಕಿಯನ್ನು ಮದುವೆಯಾಗಿ, ಕೆಲವು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾದಲ್ಲಿ ನೆಲೆಯೂರಿದ.

ಆತ ವಿಚಿತ್ರದ ಮನುಷ್ಯನೂ ಹೌದು. ಉಪವಾಸವೇ ಔಷಧ ಎಂದು ಪುಸ್ತಕ ಬರೆದ. ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ತಿಳಿಯುತ್ತದೆ ಎಂದು ನಂಬಿ ಅದರ ಮೇಲೂ ಪುಸ್ತಕ ಬರೆದ. ಚರ್ಚು, ಪತ್ರಿಕೆ, ವಿಶ್ವವಿದ್ಯಾಲಯ, ತೈಲ ಕಂಪನಿ, ಹೀಗೆ ಬಲಿಷ್ಠರು ಎನ್ನಿಸಿಕೊಂಡ ಯಾರನ್ನೂ ಬಿಡದೆ ಟೀಕಿಸಿದ. 1923ರಲ್ಲಿ ಸ್ಯಾನ್ ಪೆಡ್ರೊ ಬಂದರಿನ ಕಾರ್ಮಿಕರ ಮುಷ್ಕರದ ವೇಳೆ, ಗುಡ್ಡವೊಂದರ ಮೇಲೆ ನಿಂತು ಅಮೆರಿಕದ ಸಂವಿಧಾನದ ಸಾಲುಗಳನ್ನು ಓದತೊಡಗಿದ್ದಕ್ಕೆ ಪೊಲೀಸರು ಆತನನ್ನು ಬಂಧಿಸಿದರು. ಸಂವಿಧಾನ ಓದಿದ್ದಕ್ಕೆ ಜೈಲು! ಪರೀಕ್ಷೆಗಾಗಿ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುವ ನಾನು ಈ ಘಟನೆಯನ್ನು ಓದಿದಾಗ, ಆ ಸಾಲುಗಳನ್ನು ಗಟ್ಟಿಯಾಗಿ ಓದುವುದಕ್ಕೂ ಧೈರ್ಯ ಬೇಕಾದ ಕಾಲವೊಂದಿತ್ತು ಎಂದು ಹೊಳೆಯಿತು.

ಚುನಾವಣೆ ಆತನಿಗೆ ಹೊಸದಾಗಿರಲಿಲ್ಲ. ಸಮಾಜವಾದಿ ಪಕ್ಷದಿಂದ 1920ರಲ್ಲಿ ಸಂಸತ್ತಿನ ಕೆಳಮನೆಗೆ, 1922ರಲ್ಲಿ ಸೆನೆಟ್‌ಗೆ, 1926 ಮತ್ತು 1930ರಲ್ಲಿ ಗವರ್ನರ್ ಹುದ್ದೆಗೆ ನಿಂತಿದ್ದ. ನಾಲ್ಕೂ ಸಲ ಸೋಲು. 1930ರಲ್ಲಿ ಸಿಕ್ಕಿದ್ದು ಸುಮಾರು 50 ಸಾವಿರ ಮತ ಮಾತ್ರ.

ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಅಪ್ಪಳಿಸಿತು. ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಹಣ್ಣು ಕೊಳೆಯುತ್ತಿತ್ತು, ಏಕೆಂದರೆ ಕೀಳುವ ಕೂಲಿಯೂ ಹುಟ್ಟದಷ್ಟು ಬೆಲೆ ಇಳಿದಿತ್ತು. ಅದೇ ತೋಟದ ಬೇಲಿಯಾಚೆ ಹಸಿದವರು ಸಾಲುಗಟ್ಟಿದ್ದರು. ಕಾರ್ಖಾನೆಗಳಿಗೆ ಬೀಗ ಬಿದ್ದಿತ್ತು, ಯಂತ್ರಗಳು ತುಕ್ಕು ಹಿಡಿಯುತ್ತಿದ್ದವು; ಆ ಯಂತ್ರಗಳನ್ನು ನಡೆಸಬಲ್ಲವರು ಬೀದಿಯಲ್ಲಿ ಸೇಬು ಮಾರುತ್ತಿದ್ದರು. ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್‌ನಂಥ ಕಡೆ ನಿರುದ್ಯೋಗಿಗಳೇ ಒಟ್ಟುಗೂಡಿ ಒಂದು ದಾರಿ ಕಂಡುಕೊಂಡರು. ರೈತರ ಹೊಲದಲ್ಲಿ ದುಡಿಯುವುದು, ಕೂಲಿಗೆ ಬದಲು ತರಕಾರಿ ಪಡೆಯುವುದು. ದುಡ್ಡಿಲ್ಲದಿದ್ದರೂ ದುಡಿಮೆ ಸಾಧ್ಯ ಎಂದು ಅವರು ತೋರಿಸಿಕೊಟ್ಟಿದ್ದರು.

ಸಿಂಕ್ಲೇರ್‌ನ ಯೋಜನೆಯ ಬೇರು ಇರುವುದು ಇಲ್ಲಿ.

ಭಿಕ್ಷೆ ಬೇಡ, ಬೀಗದ ಕೈ ಕೊಡಿ

1933ರ ಸೆಪ್ಟೆಂಬರಿನಲ್ಲಿ ಆತ ಸಮಾಜವಾದಿ ಪಕ್ಷ ಬಿಟ್ಟು ಡೆಮಾಕ್ರಟಿಕ್ ಪಕ್ಷಕ್ಕೆ ಹೆಸರು ನೋಂದಾಯಿಸಿದ. ಹಳೆಯ ಗೆಳೆಯರು ಸಿಟ್ಟಾದರು. ಆಮೇಲೆ ಆತ ಮಾಡಿದ್ದು ಒಬ್ಬ ಕಾದಂಬರಿಕಾರನಿಗೆ ಮಾತ್ರ ಹೊಳೆಯುವ ಕೆಲಸ. ತಾನು ಚುನಾವಣೆ ಗೆದ್ದು, ಗವರ್ನರ್ ಆಗಿ, ರಾಜ್ಯದ ಬಡತನ ನೀಗಿಸಿಬಿಟ್ಟಿದ್ದೇನೆ ಎಂಬಂತೆ, ಮುಂದೆ ನಡೆಯಬೇಕಾದ್ದನ್ನು ಹಿಂದೆ ನಡೆದುಹೋದ ಇತಿಹಾಸದ ಹಾಗೆ ಬರೆದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಅದು ಲಕ್ಷಗಟ್ಟಲೆ ಖರ್ಚಾಯಿತು. ದೊಡ್ಡ ದೇಣಿಗೆದಾರರಿಲ್ಲದ ಪ್ರಚಾರಕ್ಕೆ ಅದರ ಮಾರಾಟವೇ ಬಂಡವಾಳವಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಬಡತನ ಕೊನೆಗಾಣಿಸೋಣ ಎಂಬ ಇಂಗ್ಲಿಷ್ ಘೋಷಣೆಯ ಮೊದಲಕ್ಷರಗಳನ್ನು ಜೋಡಿಸಿದರೆ ಎಪಿಕ್ ಎಂದಾಗುತ್ತದೆ. ಚಳವಳಿಗೆ ಅದೇ ಹೆಸರು ಬಿತ್ತು. ಯೋಜನೆ ಹೇಳಲು ಸರಳ. ಬೀಗ ಬಿದ್ದ ಕಾರ್ಖಾನೆಗಳನ್ನು ರಾಜ್ಯ ಬಾಡಿಗೆಗೆ ಪಡೆಯಬೇಕು, ಪಾಳುಬಿದ್ದ ಜಮೀನನ್ನು ಕೊಳ್ಳಬೇಕು. ಕೆಲಸವಿಲ್ಲದವರು ಅಲ್ಲಿ ತಮಗೆ ಬೇಕಾದ ಅನ್ನ, ಬಟ್ಟೆ, ಚಪ್ಪಲಿಗಳನ್ನು ತಾವೇ ತಯಾರಿಸಿ ತಮ್ಮತಮ್ಮಲ್ಲೇ ವಿನಿಮಯ ಮಾಡಿಕೊಳ್ಳಬೇಕು. ಲಾಭಕ್ಕಾಗಿ ಅಲ್ಲ, ಬಳಕೆಗಾಗಿ ಉತ್ಪಾದನೆ. ಜತೆಗೆ ಅಗತ್ಯವುಳ್ಳ ವೃದ್ಧರಿಗೆ ತಿಂಗಳಿಗೆ 50 ಡಾಲರ್ ಪಿಂಚಣಿ, ಬಡವರ ಮೇಲೆ ಬೀಳುವ ಮಾರಾಟ ತೆರಿಗೆಯ ರದ್ದತಿ, ಸಿರಿವಂತರ ಮೇಲೆ ಏರುವ ಆದಾಯ ತೆರಿಗೆ.

ಈ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಅದರ ಅರ್ಥಶಾಸ್ತ್ರವಲ್ಲ. ಅದು ನಿರುದ್ಯೋಗಿಯನ್ನು ನೋಡುವ ರೀತಿ. ನಾವು ಕೆಲಸವಿಲ್ಲದೆ ಕೂತವರು ಎರಡೇ ಬಗೆಯ ಮಾತು ಕೇಳಿ ಅಭ್ಯಾಸವಾದವರು. ಒಂದು, ಅಯ್ಯೋ ಪಾಪ ಎಂಬ ಮರುಕ. ಇನ್ನೊಂದು, ಮೈಬಗ್ಗಿಸಿದರೆ ಕೆಲಸಕ್ಕೇನು ಬರ ಎಂಬ ಚುಚ್ಚು. ಮದುವೆ ಮನೆಯ ಪಂಕ್ತಿಯಲ್ಲಿ ಈ ಎರಡೂ ಅಕ್ಕಪಕ್ಕದ ಎಲೆಗಳಿಂದಲೇ ಬರುವುದುಂಟು. ಸಿಂಕ್ಲೇರ್ ಎರಡನ್ನೂ ಆಡಲಿಲ್ಲ. ಇವರಿಗೆ ಕೆಲಸ ಬರುತ್ತದೆ, ಯಂತ್ರವೂ ಇದೆ, ನಡುವೆ ಇರುವುದು ಒಂದು ಬೀಗ ಮಾತ್ರ, ಅದನ್ನು ತೆಗೆಯೋಣ ಎಂದ. ನಿರುದ್ಯೋಗಿಯನ್ನು ಸಮಸ್ಯೆ ಎನ್ನದೆ, ಬಳಕೆಯಾಗದೆ ಉಳಿದ ಶಕ್ತಿ ಎಂದು ನೋಡಿದ.

ಜನ ಓಗೊಟ್ಟರು. ರಾಜ್ಯದಾದ್ಯಂತ ನೂರಾರು ಎಪಿಕ್ ಕ್ಲಬ್‌ಗಳು ಹುಟ್ಟಿದವು. ಕೆಲಸವಿಲ್ಲದವರೇ ಕಾರ್ಯಕರ್ತರಾದರು. ಲಕ್ಷಾಂತರ ಹೊಸ ಹೆಸರುಗಳು ಮತದಾರರ ಪಟ್ಟಿಗೆ ಸೇರಿದವು. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಹೈಕಮಾಂಡ್ ತೀರ್ಮಾನಿಸುವುದಿಲ್ಲ. ಆಗ ಕ್ಯಾಲಿಫೋರ್ನಿಯಾದಲ್ಲಿ ಪಕ್ಷದ ನೋಂದಾಯಿತ ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ಆರಿಸುತ್ತಿದ್ದರು. 1934ರ ಆಗಸ್ಟ್ 28ರಂದು ನಡೆದ ಆ ಚುನಾವಣೆಯಲ್ಲಿ ಸಿಂಕ್ಲೇರ್ ಸುಮಾರು 4.36 ಲಕ್ಷ ಮತ ಪಡೆದ. ಪಕ್ಷದ ನಾಯಕರು ಬೆಂಬಲಿಸಿದ್ದ ಜಾರ್ಜ್ ಕ್ರೀಲ್ ಬಹಳ ಹಿಂದೆ ಬಿದ್ದರು. ನಾಲ್ಕು ಸಲ ಸೋತವನು ಈಗ ದೊಡ್ಡ ಪಕ್ಷವೊಂದರ ಅಧಿಕೃತ ಅಭ್ಯರ್ಥಿ!

ಸುಳ್ಳಿನ ಕಾರ್ಖಾನೆಗೆ ಬೀಗವಿರಲಿಲ್ಲ

ಎದುರಾಳಿ ರಿಪಬ್ಲಿಕನ್ ಪಕ್ಷದ ಫ್ರಾಂಕ್ ಮೆರಿಯಂ. ಗವರ್ನರ್ ಆಗಿದ್ದ ಜೇಮ್ಸ್ ರಾಲ್ಫ್ ಆ ಜೂನ್‌ನಲ್ಲಿ ತೀರಿಕೊಂಡಿದ್ದರಿಂದ ಆ ಕುರ್ಚಿಗೆ ಬಂದವರು. ಮಾತಿನಲ್ಲಿ ಮೋಡಿ ಇಲ್ಲದ, ಜನರನ್ನು ಸೆಳೆಯದ ರಾಜಕಾರಣಿ. ಹಾಗಾಗಿ ಅವರ ಕಡೆಯವರು ಮೆರಿಯಂ ಏಕೆ ಬೇಕು ಎಂದು ಹೇಳಲು ಹೆಚ್ಚು ಹೊತ್ತು ಕಳೆಯಲಿಲ್ಲ. ಸಿಂಕ್ಲೇರ್ ಏಕೆ ಬೇಡ ಎನ್ನುವುದಕ್ಕೇ ಎಲ್ಲ ಶಕ್ತಿ ಸುರಿದರು.

ಕ್ಲೆಮ್ ವಿಟೇಕರ್ ಮತ್ತು ಲಿಯೋನ್ ಬ್ಯಾಕ್ಸ್‌ಟರ್ ಎಂಬ ಇಬ್ಬರು ಹಿಂದಿನ ವರ್ಷವಷ್ಟೇ ಚುನಾವಣೆ ನಡೆಸಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡು ಕಂಪನಿ ತೆರೆದಿದ್ದರು. ಇಂದು ಪ್ರತಿ ಪಕ್ಷವೂ ಬಾಡಿಗೆಗೆ ಪಡೆಯುವ ಚುನಾವಣಾ ತಂತ್ರಗಾರರ ವೃತ್ತಿ ಶುರುವಾದದ್ದು ಇಂಥವರಿಂದ. ಅವರು ಸಿಂಕ್ಲೇರ್‌ನ ಪುಸ್ತಕಗಳನ್ನು ತರಿಸಿಕೊಂಡು ಓದಿದರು. ಮೂವತ್ತು ವರ್ಷದ ಬರವಣಿಗೆಯಲ್ಲಿ ಧರ್ಮ, ಮದುವೆ, ಆಸ್ತಿ, ದೇಶದ ಬಗ್ಗೆ ಯಾರನ್ನಾದರೂ ಕೆರಳಿಸಬಲ್ಲ ವಾಕ್ಯಗಳನ್ನು ಹೆಕ್ಕಿದರು. 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆಯ ಮುಖಪುಟದಲ್ಲಿ ಅಂಥ ಸಾಲುಗಳು ದಿನವೂ ಚೌಕಟ್ಟಿನೊಳಗೆ ಬರತೊಡಗಿದವು. ಅವುಗಳಲ್ಲಿ ಕೆಲವು ಕಾದಂಬರಿಯ ಪಾತ್ರಗಳು ಆಡಿದ ಮಾತುಗಳು. ನಾಟಕದಲ್ಲಿ ದುರ್ಯೋಧನ ಆಡಿದ್ದನ್ನೆಲ್ಲ ಕವಿಯೇ ಆಡಿದ ಎಂದರೆ ಹೇಗೋ ಹಾಗೆ.

ಗೆಲುವಿನ ಹುರುಪಿನಲ್ಲಿ ಸಿಂಕ್ಲೇರ್ ಕೂಡ ಒಂದು ಬಾಣ ಒದಗಿಸಿಕೊಟ್ಟ. ತಾನು ಗೆದ್ದರೆ ದೇಶದ ಅರ್ಧ ನಿರುದ್ಯೋಗಿಗಳು ಕ್ಯಾಲಿಫೋರ್ನಿಯಾಕ್ಕೇ ಬಂದುಬಿಡುತ್ತಾರೆ ಎಂದು ವರದಿಗಾರರೆದುರು ತಮಾಷೆಗೆ ಆಡಿದ ಮಾತು ರಾತ್ರಿ ಕಳೆಯುವುದರೊಳಗೆ ಎದುರಾಳಿಗಳ ಘೋಷಣೆಯಾಯಿತು. ಹೊರಗಿನವರು ಬಂದು ನಮ್ಮ ಅನ್ನ ಕಸಿಯುತ್ತಾರೆ ಎಂಬ ಭಯಕ್ಕಿಂತ ಬೇಗ ಹರಡುವ ಭಯ ಬೇರೆ ಇಲ್ಲ. ಪತ್ರಿಕೆಯೊಂದು ರೈಲಿನ ಸರಕು ಡಬ್ಬಿಯಲ್ಲಿ ಅಲೆಮಾರಿಗಳು ಬಂದಿಳಿಯುವ ಫೋಟೊ ಪ್ರಕಟಿಸಿತು. ಆಮೇಲೆ ತಿಳಿದದ್ದು, ಅದು 1933ರ 'ವೈಲ್ಡ್ ಬಾಯ್ಸ್ ಆಫ್ ದಿ ರೋಡ್' ಎಂಬ ಸಿನಿಮಾದ ದೃಶ್ಯ! ಫೋಟೊದಲ್ಲಿದ್ದವರು ನಟರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಹಾಲಿವುಡ್‌ನಿಂದ. ಹೊಸ ತೆರಿಗೆಗೆ ಸ್ಟುಡಿಯೊ ಮಾಲೀಕರು ಹೆದರಿದ್ದರು. ಆತ ಗೆದ್ದರೆ ಉದ್ಯಮವನ್ನೇ ಫ್ಲಾರಿಡಾಕ್ಕೆ ಒಯ್ಯುತ್ತೇವೆ ಎಂದು ಬೆದರಿಸಿದರು. ನೌಕರರ ಸಂಬಳದಿಂದ ಒಂದು ದಿನದ ಪಾಲನ್ನು ಮೆರಿಯಂ ನಿಧಿಗೆ ವಸೂಲು ಮಾಡಲಾಯಿತು. ಎಂಜಿಎಂ ಸ್ಟುಡಿಯೊದಲ್ಲಿ ಹೆಸರಾಂತ ನಿರ್ಮಾಪಕ ಅರ್ವಿಂಗ್ ಥಾಲ್‌ಬರ್ಗ್ ಉಸ್ತುವಾರಿಯಲ್ಲಿ ಸಣ್ಣ ಸಣ್ಣ ಚಿತ್ರಗಳು ತಯಾರಾದವು. ಟಿ.ವಿ. ಇಲ್ಲದ ಆ ಕಾಲದಲ್ಲಿ ಜನ ಸುದ್ದಿಯನ್ನು ಕಣ್ಣಾರೆ ನೋಡುತ್ತಿದ್ದುದು ಸಿನಿಮಾಕ್ಕೆ ಮುಂಚೆ ತೋರಿಸುವ ವಾರ್ತಾಚಿತ್ರದಲ್ಲಿ. ಈ ಚಿತ್ರಗಳೂ ಅದೇ ವೇಷದಲ್ಲಿ ಬಂದವು. ದಾರಿಹೋಕರ ಅಭಿಪ್ರಾಯ ಕೇಳುವ ಕ್ಯಾಮೆರಾ ಎಂಬಂತೆ ತೋರಿಸಿ, ಶುಭ್ರ ಉಡುಪಿನ, ಗೌರವಸ್ಥ ಮುಖಗಳಿಂದ ಮೆರಿಯಂಗೆ ಮತ ಎನ್ನಿಸಿದರು. ಸಿಂಕ್ಲೇರ್‌ಗೆ ಮತ ಎನ್ನುವವರು ಮಾಸಿದ ಕೋಟಿನವರು, ಕೆದರಿದ ಗಡ್ಡದವರು, ವಿದೇಶಿ ಉಚ್ಚಾರಣೆಯವರು.

ನನಗೆ ಇದು ತುಂಬ ನೋಯಿಸಿದ ಭಾಗ. ಆ ಚಿತ್ರಗಳು ನಗೆಯಾಡಿದ್ದು ಸಿಂಕ್ಲೇರ್ ಒಬ್ಬನನ್ನೇ ಅಲ್ಲ. ಕೆಲಸ ಕಳೆದುಕೊಂಡವನ ಮಾಸಿದ ಕೋಟನ್ನು. ಕೋಟು ಮಾಸಿದೆ, ಆದ್ದರಿಂದ ಅವನ ಅಭಿಪ್ರಾಯಕ್ಕೆ ಬೆಲೆ ಇಲ್ಲ ಎಂದು ಅವು ಒಂದು ಮಾತೂ ಆಡದೆ ಹೇಳಿದವು. ಸಂದರ್ಶನದ ಕೋಣೆಯ ಹೊರಗೆ ಕೂತು ಪಕ್ಕದವನ ಶೂ ನೋಡಿ ತನ್ನ ಚಪ್ಪಲಿಯನ್ನು ಕುರ್ಚಿಯ ಕೆಳಗೆ ಸರಿಸಿಕೊಂಡವರಿಗೆ ಈ ಅವಮಾನ ಎಂಥದ್ದೆಂದು ವಿವರಿಸಬೇಕಾಗಿಲ್ಲ.

ಸಿಂಕ್ಲೇರ್‌ಗೆ ಇದ್ದ ಒಂದು ಆಸರೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿರುವ ಅವರ ಮನೆಗೇ ಹೋಗಿ ಭೇಟಿಯಾದ. ರೂಸ್‌ವೆಲ್ಟ್ ನಗುನಗುತ್ತಾ ಮಾತಾಡಿಸಿದರು. ಆದರೆ ಬಹಿರಂಗ ಬೆಂಬಲ ಬರಲೇ ಇಲ್ಲ. ಪಕ್ಷದ ಹಲವು ನಾಯಕರು ದೂರ ಸರಿದರು. ಕ್ರೀಲ್ ಕೂಡ ಕೈಬಿಟ್ಟರು. ಲಾಸ್ ಏಂಜಲೀಸ್‌ನಲ್ಲಿ ಸಾವಿರಾರು ಮತದಾರರ ಹೆಸರುಗಳನ್ನೇ ಪಟ್ಟಿಯಿಂದ ತೆಗೆಸುವ ಯತ್ನವೂ ನಡೆಯಿತು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು.

ಲೆಕ್ಕ ಹೇಳುವ ಕತೆ

1934ರ ನವೆಂಬರ್ 6ರಂದು ಮತದಾನ ನಡೆಯಿತು. ಮೆರಿಯಂಗೆ 11,38,620 ಮತ. ಸಿಂಕ್ಲೇರ್‌ಗೆ 8,79,537. ಪ್ರಗತಿಪರ ಪಕ್ಷದ ರೇಮಂಡ್ ಹೈಟ್ ಎಂಬ ಮೂರನೆಯ ಅಭ್ಯರ್ಥಿಗೆ 3,02,519. ಕೊನೆಯ ಎರಡನ್ನು ಕೂಡಿದರೆ ಮೆರಿಯಂಗಿಂತ 43 ಸಾವಿರ ಹೆಚ್ಚಾಗುತ್ತದೆ. ಹೈಟ್ ನಿಲ್ಲದಿದ್ದರೆ ಆ ಮತವೆಲ್ಲ ಸಿಂಕ್ಲೇರ್‌ಗೇ ಬರುತ್ತಿತ್ತು ಎಂದಲ್ಲ. ಆದರೆ ಗೆದ್ದವರು ಅರ್ಧಕ್ಕಿಂತ ಕಡಿಮೆ ಮತದಾರರ ಆಯ್ಕೆಯಾಗಿದ್ದರು ಎಂಬುದು ಲೆಕ್ಕ. ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ನಮ್ಮಲ್ಲೂ ಇರುವುದರಿಂದ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಈ ಸಂಖ್ಯೆಗಳನ್ನು ಒಮ್ಮೆ ಬರೆದಿಟ್ಟುಕೊಳ್ಳಬಹುದು.

ಸಿಂಕ್ಲೇರ್ ಗೆದ್ದಿದ್ದರೆ ಬಡತನ ತೊಲಗುತ್ತಿತ್ತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಯೋಜನೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಆತನ ಉತ್ತರ ಗಟ್ಟಿಯಾಗಿರಲಿಲ್ಲ. ಶಾಸನಸಭೆ ಒಪ್ಪಬೇಕಿತ್ತು. ನಿರುದ್ಯೋಗಿಗಳ ಕಾರ್ಖಾನೆಯ ಪಕ್ಕದಲ್ಲೇ ಲಾಭದ ಕಾರ್ಖಾನೆಯೂ ನಡೆಯಬೇಕಾದಾಗ ಏಳುವ ತೊಡಕುಗಳನ್ನು ಆತ ಹಗುರವಾಗಿ ಕಂಡಿದ್ದ. ಇವೆಲ್ಲ ನ್ಯಾಯವಾದ ಪ್ರಶ್ನೆಗಳು. ಇವನ್ನೇ ಮುಂದಿಟ್ಟು ಆತನನ್ನು ಸೋಲಿಸಿದ್ದರೆ ಅದು ಮತದಾರರಿಗೆ ಸಂದ ಗೌರವವಾಗುತ್ತಿತ್ತು. ಆದರೆ ಥಿಯೇಟರಿನ ಕತ್ತಲಲ್ಲಿ ಕೂತವರಿಗೆ ತೋರಿಸಿದ್ದು ಲೆಕ್ಕವನ್ನಲ್ಲ, ಬರಿಯ ಮುಖಗಳನ್ನು.

ಸೋತ ಮರುಕ್ಷಣವೇ ಸಿಂಕ್ಲೇರ್ ಮೇಜಿಗೆ ಮರಳಿದ. ತಾನು ಹೇಗೆ ಸೋತೆ ಎಂಬುದನ್ನೇ ಪುಸ್ತಕವಾಗಿ ಬರೆದ; ಪತ್ರಿಕೆಗಳಲ್ಲಿ ಅದು ಧಾರಾವಾಹಿಯಾಗಿಯೂ ಬಂತು. ಆಗ ಆತನಿಗೆ 56 ವರ್ಷ. ಹತಾಶೆಗೆ ಅಷ್ಟು ಸಾಕಿತ್ತು. ಆದರೆ ಆರು ವರ್ಷದ ನಂತರ ಲ್ಯಾನಿ ಬಡ್ ಎಂಬ ನಾಯಕನ ಕಾದಂಬರಿ ಮಾಲೆ ಆರಂಭಿಸಿ, 1953ರೊಳಗೆ ಹನ್ನೊಂದು ದಪ್ಪ ಪುಸ್ತಕಗಳನ್ನು ಮುಗಿಸಿದ. ಅವುಗಳಲ್ಲಿ ನಾಜಿಗಳ ಉದಯ ಕುರಿತ 'ಡ್ರ್ಯಾಗನ್ಸ್ ಟೀತ್' 1943ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. 1967ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ಮಾಂಸ ತಪಾಸಣಾ ಕಾಯ್ದೆಗೆ ಸಹಿ ಹಾಕಿದಾಗ, 89ರ ಸಿಂಕ್ಲೇರ್ ಗಾಲಿಕುರ್ಚಿಯಲ್ಲಿ ಕೂತು ಅದನ್ನು ನೋಡಿದ. 1968ರ ನವೆಂಬರ್ 25ರಂದು ನ್ಯೂಜೆರ್ಸಿಯಲ್ಲಿ ಕಣ್ಣುಮುಚ್ಚಿದ. ತೊಂಬತ್ತು ವರ್ಷದ ಬಾಳು, ತೊಂಬತ್ತಕ್ಕೂ ಹೆಚ್ಚು ಪುಸ್ತಕ.

ಸೋಲಿನ ಬಿತ್ತನೆ

1934ರ ಆ ಚುನಾವಣೆ ಎರಡು ಬಗೆಯ ಸಂತಾನ ಬಿಟ್ಟುಹೋಯಿತು. ಮೊದಲನೆಯದು ನಮ್ಮ ಕಣ್ಣೆದುರೇ ಇದೆ. ಸಂದರ್ಭದಿಂದ ಕಿತ್ತ ವಾಕ್ಯ, ಬೇರೆಲ್ಲಿಯದೋ ಫೋಟೊ, ಸುದ್ದಿಯ ವೇಷದ ಜಾಹೀರಾತು, ಎಲ್ಲವೂ ಈಗ ನಮ್ಮ ಮೊಬೈಲಿನಲ್ಲಿವೆ. ಆಗ ಅದಕ್ಕೆ ಒಂದು ಸ್ಟುಡಿಯೊ ಬೇಕಿತ್ತು. ಈಗ ಒಂದು ಬೆರಳು ಸಾಕು. ನಮ್ಮಂಥ ಉದ್ಯೋಗಾಕಾಂಕ್ಷಿಗಳ ಗುಂಪುಗಳಲ್ಲೇ ನೋಡಿ: ನಕಲಿ ನೇಮಕಾತಿ ಅಧಿಸೂಚನೆ, ಪರೀಕ್ಷೆ ಮುಂದೂಡಿಕೆಯ ನಕಲಿ ಪ್ರಕಟಣೆ ವಾರಕ್ಕೊಮ್ಮೆ ಬರುತ್ತವೆ. ಅವನ್ನು ನಾವು ಹೇಗೆ ಪರೀಕ್ಷಿಸುತ್ತೇವೆ? ಅಧಿಕೃತ ವೆಬ್‌ಸೈಟಿಗೆ ಹೋಗಿ ದಿನಾಂಕ, ಸಂಖ್ಯೆ, ಸಹಿ ನೋಡುತ್ತೇವೆ. ಅರ್ಜಿ ಶುಲ್ಕದ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು, ಅಭ್ಯರ್ಥಿಯೊಬ್ಬರ ಮೂವತ್ತು ಸೆಕೆಂಡಿನ ವಿಡಿಯೊ ಬಂದಾಗ ಮಾತ್ರ ಇದನ್ನು ಯಾರು ತೆಗೆದರು, ಹಣ ಯಾರದು, ಮುಂದಿನ ಮಾತನ್ನು ಏಕೆ ಕತ್ತರಿಸಿದರು ಎಂದು ಕೇಳುವುದಿಲ್ಲ.

ಎರಡನೆಯ ಸಂತಾನದ ಬಗ್ಗೆ ಕಡಿಮೆ ಮಂದಿ ಮಾತಾಡುತ್ತಾರೆ. ಸಿಂಕ್ಲೇರ್ ಸೋತರೂ ಎಪಿಕ್ ಬೆಂಬಲದ ಹಲವರು ಅದೇ ದಿನ ಶಾಸನಸಭೆಗೆ ಗೆದ್ದುಬಂದರು. ಮರುವರ್ಷ, ಮೆರಿಯಂ ಅವಧಿಯಲ್ಲೇ, ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ವೈಯಕ್ತಿಕ ಆದಾಯ ತೆರಿಗೆ ಬಂತು. 1934ರಲ್ಲಿ ಸಿಂಕ್ಲೇರ್ ಜತೆ ಪ್ರಚಾರ ಮಾಡಿ ಸೆನೆಟರ್ ಆದ ಕಲ್ಬರ್ಟ್ ಓಲ್ಸನ್ 1938ರಲ್ಲಿ ಅದೇ ಮೆರಿಯಂ ಅವರನ್ನು ಸೋಲಿಸಿ ಗವರ್ನರ್ ಆದರು. ಸುಮಾರು ನಲವತ್ತು ವರ್ಷಗಳ ಬಳಿಕ ಆ ರಾಜ್ಯ ಕಂಡ ಮೊದಲ ಡೆಮಾಕ್ರಟಿಕ್ ಗವರ್ನರ್ ಅವರು.

ಅದೇ 1934ರಲ್ಲಿ ಗೆದ್ದವರಲ್ಲಿ ಆಗಸ್ಟಸ್ ಹಾಕಿನ್ಸ್ ಎಂಬ 27 ವರ್ಷದ ಕಪ್ಪು ಯುವಕನಿದ್ದ. ಸಿಂಕ್ಲೇರ್‌ನನ್ನು ಬೆಂಬಲಿಸಿ ರಾಜ್ಯದ ಅಸೆಂಬ್ಲಿಗೆ ಹೋದ ಹಾಕಿನ್ಸ್, ಮುಂದೆ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಸದಸ್ಯರಾದರು. 1978ರಲ್ಲಿ ಹಂಫ್ರಿ-ಹಾಕಿನ್ಸ್ ಕಾಯ್ದೆ ಬಂತು. ಎಲ್ಲರಿಗೂ ಉದ್ಯೋಗ ಎಂಬುದನ್ನು ರಾಷ್ಟ್ರದ ಗುರಿ ಎಂದು ಘೋಷಿಸಿದ ಕಾಯ್ದೆ ಅದು. ಮೊದಲ ಕರಡಿನಲ್ಲಿದ್ದ ಕೆಲಸದ ಖಾತರಿ ಅಂತಿಮ ರೂಪದಲ್ಲಿ ಉಳಿಯಲಿಲ್ಲ. ಗುರಿಯಾಗಿ ಮಾತ್ರ ಉಳಿಯಿತು. ಆದರೂ ಬೀಗದ ಕೈಯ ಪ್ರಶ್ನೆ ಒಂದು ಸೋಲಿನಿಂದ ಹೊರಟು 44 ವರ್ಷ ನಡೆದು ಒಂದು ದೇಶದ ಕಾನೂನು ಪುಸ್ತಕದೊಳಗೆ ಹೋಯಿತು. ಹಾಗೆ ಅದನ್ನು ಹೊತ್ತು ನಡೆದವರಲ್ಲಿ ಒಬ್ಬರು, ಹೊರಟಾಗ, ನಮ್ಮದೇ ವಯಸ್ಸಿನವರಾಗಿದ್ದರು.

ನಮ್ಮೂರಿನ ಓದುಮನೆಗೂ ಚುನಾವಣೆ ಬಂದಾಗ ಅಭ್ಯರ್ಥಿಗಳು ಬರುತ್ತಾರೆ. ಕೈಮುಗಿಯುತ್ತಾರೆ, ಎಷ್ಟು ಸಾವಿರ ಹುದ್ದೆ ತುಂಬುತ್ತೇವೆ ಎಂದು ಒಂದು ಸಂಖ್ಯೆ ಹೇಳುತ್ತಾರೆ, ಸೆಲ್ಫಿ ತೆಗೆಸಿಕೊಂಡು ಹೋಗುತ್ತಾರೆ. ಮುಂದಿನ ಸಲ ಅವರನ್ನು ಕೂರಿಸಿ ಮೂರು ಪ್ರಶ್ನೆ ಕೇಳಬೇಕೆಂದು ನಾನೂ ಗೆಳೆಯರೂ ಮಾತಾಡಿಕೊಂಡಿದ್ದೇವೆ. ಈ ತಾಲ್ಲೂಕಿನಲ್ಲಿ ಬೀಗ ಬಿದ್ದಿರುವುದು ಯಾವುದಕ್ಕೆ? ಅದರ ಕೈ ಯಾರ ಬಳಿ ಇದೆ? ಅದನ್ನು ತೆಗೆಯಲು ಎಷ್ಟು ಹಣ ಬೇಕು, ಎಲ್ಲಿಂದ ತರುತ್ತೀರಿ? ಮೂರನೆಯದು ಸಿಂಕ್ಲೇರ್ ಸರಿಯಾಗಿ ಉತ್ತರಿಸದೆ ಬಿಟ್ಟ ಪ್ರಶ್ನೆ. ಅದಕ್ಕೇ ಅದನ್ನೂ ಸೇರಿಸಿಕೊಂಡಿದ್ದೇವೆ.